ಕಕ್ಕಡದಲ್ಲಿ ಸತ್ತ ಬ್ಯಾಟರಿ: ಹೊಸದು ಹಾಕಿದ್ದು, ಗಾಡಿಗೆ ತಿಳಿಸಿದ್ದು

ಶನಿವಾರ

ಹದಿನೇಳು ದಿನದಿಂದ ಶೆಡ್ಡಿನಲ್ಲಿ ನಿಂತಿದ್ದ ಕಾರು ಇವತ್ತು ಬಾಗಿಲನ್ನೇ ತೆಗೆಯಲಿಲ್ಲ. ಕೊಡಗಿನ ಕಕ್ಕಡ ತಿಂಗಳ ಮಳೆ ಗೊತ್ತಲ್ವಾ, ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದ ದಾರಿಯೆಲ್ಲ ಕೆಸರು, ಹಾಗಾಗಿ ಇಷ್ಟು ದಿನ ಪೇಟೆಗೆ ಹೋಗಿದ್ದೆಲ್ಲ ಜೀಪಿನಲ್ಲೇ. ಕಾರು 2016ರ ಬಿಎಂಡಬ್ಲ್ಯೂ 320ಡಿ, ಎಫ್30 ಮಾಡೆಲ್, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ತುಂಬ ಇಷ್ಟಪಟ್ಟು ತಂದ ಗಾಡಿ, ಕೆಲಸ ಆದಷ್ಟು ನಾನೇ ಮಾಡ್ತೀನಿ.

ರಿಮೋಟ್ ಒತ್ತಿದರೆ ಸದ್ದೇ ಇಲ್ಲ. ರಿಮೋಟಿನ ಒಳಗೆ ಒಂದು ಚಿಕ್ಕ ಕಬ್ಬಿಣದ ಕೀ ಇರುತ್ತದೆ, ಅದನ್ನು ಎಳೆದು ಡ್ರೈವರ್ ಬಾಗಿಲು ತೆಗೆದೆ. ಬ್ಯಾಟರಿ ಇರುವುದು ಹಿಂದೆ, ಡಿಕ್ಕಿಯ ಬಲಬದಿ ನೆಲದ ಕೆಳಗೆ. ಡಿಕ್ಕಿ ತೆರೆಯುವುದು ಕರೆಂಟಿನಿಂದ. ಕರೆಂಟೇ ಸತ್ತಿದೆ! ಪುಣ್ಯಕ್ಕೆ ಬಾನೆಟ್ಟಿಗೆ ಕೈಯಲ್ಲಿ ಎಳೆಯುವ ಲಿವರ್ ಇದೆ, ಅದರ ಅಡಿಯಲ್ಲಿ ಜಂಪ್ ಕೊಡಲು ಪ್ಲಸ್ ಪಾಯಿಂಟ್ ಮತ್ತು ಅರ್ಥ್ ಬೋಲ್ಟ್ ಎರಡೂ ಇವೆ. ಮೀಟರ್ ಇಟ್ಟರೆ 4.1 ವೋಲ್ಟ್. ಆರಾಮಾಗಿರುವ ಬ್ಯಾಟರಿ 12.7 ಆದರೂ ತೋರಿಸಬೇಕು, 10.5ಕ್ಕೆ ಬಂತು ಅಂದರೇನೇ ಪೂರ್ತಿ ಖಾಲಿ.

ಭಾವ ಜೀಪ್ ತಂದು ಪಕ್ಕದಲ್ಲಿ ನಿಲ್ಲಿಸಿದರು. ಮೊದಲು ಪ್ಲಸ್, ಕೊನೆಗೆ ನಮ್ಮ ಕಾರಿನ ಅರ್ಥ್ ಬೋಲ್ಟಿಗೆ ಮೈನಸ್. ಹತ್ತು ನಿಮಿಷ ಬಿಟ್ಟ ಮೇಲೆ ಡಿಕ್ಕಿ ತೆರೆದುಕೊಂಡಿತು, ಇಂಜಿನ್ನೂ ಹಿಡಿಯಿತು. "ಆಯ್ತಲ್ಲ, ಇನ್ನು ಒಂದು ರೌಂಡ್ ಹೊಡ್ಕೊಂಡು ಬಾ, ಚಾರ್ಜ್ ಆಗ್ತದೆ" ಅಂದರು ಭಾವ. ನನಗೆ ನಂಬಿಕೆ ಬರಲಿಲ್ಲ. ಇಷ್ಟು ಕೆಳಗೆ ಇಳಿದ ಬ್ಯಾಟರಿಯಲ್ಲಿ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ, ಎಷ್ಟು ಚಾರ್ಜ್ ಕೊಟ್ಟರೂ ಅದರಲ್ಲಿ ಸ್ವಲ್ಪ ಭಾಗ ಕರಗುವುದೇ ಇಲ್ಲ.

ಸೋಮವಾರ

ಮರ ಬಿದ್ದು ಲೈನ್ ಹೋಗಿತ್ತು, ನಿನ್ನೆ ಸಂಜೆ ಕರೆಂಟ್ ಬಂತು. ರಾತ್ರಿಯಿಡೀ ಚಾರ್ಜರ್ ಹಾಕಿಟ್ಟೆ. ಬೆಳಿಗ್ಗೆ ತೆಗೆದಾಗ 12.6, ಸಂಜೆಗೆ ನೋಡಿದರೆ 11.8. ಇದರ ಕಥೆ ಮುಗಿಯಿತು.

ಹಳೆಯದರ ಮೇಲೆ 90 ಆಂಪಿಯರ್ ಅವರ್, ಎಜಿಎಂ ಅಂತ ಬರೆದಿದೆ. ಆಂಪಿಯರ್ ಅವರ್ ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಎಜಿಎಂ ಅಂದರೆ ಒಳಗಿನ ಆಸಿಡ್ಡನ್ನು ಗಾಜಿನ ನಾರಿನ ಚಾಪೆ ಹೀರಿಕೊಂಡಿರುವ ಬ್ಯಾಟರಿ. ಸಿಗ್ನಲ್ಲಿನಲ್ಲಿ ತಾನೇ ನಿಂತು ತಾನೇ ಹೊರಡುವ ಇಂಜಿನ್ ಇರುವ ಗಾಡಿಗಳಿಗೆ ಇದು ಬೇಕು. ಕುಶಾಲನಗರದ ಅಂಗಡಿಯಲ್ಲಿ ಕೇಳಿದರೆ ಸ್ಟಾಕ್ ಇಲ್ಲ, ಮೈಸೂರಿನಿಂದ ತರಿಸಬೇಕು. ಅಷ್ಟರಲ್ಲಿ ಅಂಗಡಿಯವರು ಮಾಮೂಲಿ 74ರದ್ದು ತೋರಿಸಿ, "ಇದನ್ನೇ ಹಾಕ್ಕೊಳ್ಳಿ ಸಾರ್, ಅರ್ಧ ರೇಟು, ಓಡ್ತದೆ" ಅಂದರು. ಓಡುತ್ತದೆ ನಿಜ. ಆದರೆ ಗಾಡಿ ಮಾತ್ರ ಒಳಗೆ 90ರ ಎಜಿಎಂ ಇದೆ ಅಂತಲೇ ತಿಳಿದು ಚಾರ್ಜ್ ಮಾಡುತ್ತಿರುತ್ತದೆ. ಜಾತಿಯೋ ಸೈಜೋ ಬದಲಾದರೆ ಸುಮ್ನೆ ರಿಜಿಸ್ಟರ್ ಮಾಡಿದರೆ, ಅಂದರೆ ಹೊಸ ಬ್ಯಾಟರಿ ಬಂದಿದೆ ಅಂತ ಗಾಡಿಯ ಕಂಪ್ಯೂಟರಿಗೆ ಹೇಳಿದರೆ ಸಾಲದು, ಕೋಡಿಂಗ್ ಕೂಡ, ಅಂದರೆ ಯಾವ ಜಾತಿ, ಎಷ್ಟು ಸೈಜು ಅಂತ ಅದರಲ್ಲಿ ಬರೆದಿರುವುದನ್ನೂ ಬದಲಾಯಿಸಬೇಕು. ನಾನು ಕಾಯುತ್ತೇನೆ ಅಂದೆ.

ಗುರುವಾರ

ಬ್ಯಾಟರಿ ಬಂತು. ಹಳೆಯದನ್ನು ಕೊಟ್ಟ ಮೇಲೂ ಇಪ್ಪತ್ತು ಸಾವಿರ ದಾಟಿತು. ಅಂಗಡಿಯಲ್ಲೇ ಮೀಟರ್ ಇಟ್ಟು ನೋಡಿದೆ, 12.8. ತಯಾರಾದ ತಿಂಗಳನ್ನೂ ನೋಡಿಕೊಂಡೆ, ಗೋಡೌನಿನಲ್ಲಿ ವರ್ಷ ಕೂತದ್ದು ನನಗೆ ಬೇಡ.

ಕೆಲಸ ಶುರು ಮಾಡುವ ಮೊದಲು ಡಿಕ್ಕಿಯ ಬೀಗಕ್ಕೆ ದಪ್ಪ ಬಟ್ಟೆ ಸುತ್ತಿಟ್ಟೆ. ಬ್ಯಾಟರಿ ಹೊರಗಿರುವಾಗ ಗಾಳಿಗೆ ಮುಚ್ಚಿಕೊಂಡರೆ ಮತ್ತೆ ಬಾನೆಟ್ಟಿನಿಂದಲೇ ಶುರು ಮಾಡಬೇಕು. 10ರ ಸ್ಪ್ಯಾನರಿನಲ್ಲಿ ಮೊದಲು ಮೈನಸ್ ಬಿಚ್ಚಿದೆ. ಈ ಮೈನಸ್ ಕ್ಲಾಂಪಿಗೆ ಬೆಂಕಿಪೊಟ್ಟಣಕ್ಕಿಂತ ಸಣ್ಣ ಒಂದು ಕಪ್ಪು ಸೆನ್ಸರ್ ಅಂಟಿಕೊಂಡಿದೆ. ವೋಲ್ಟೇಜ್, ಕರೆಂಟ್, ಬಿಸಿ ಮೂರನ್ನೂ ಅಳೆಯುವುದು ಅದೇ. ಅದರ ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಲೇಬಾರದು, ಸೆನ್ಸರ್ ಒಡೆಯುತ್ತದೆ. ಕೈಯಲ್ಲೇ ಆಚೆ ಈಚೆ ಮೆಲ್ಲಗೆ ತಿರುಗಿಸಿ ಎತ್ತಿದೆ. ಆಮೇಲೆ ಪ್ಲಸ್, ಪಕ್ಕದ ಗಾಳಿ ಹೋಗುವ ಪೈಪು, ಬ್ಯಾಟರಿ ಹಿಡಿದಿರುವ ಬ್ರ್ಯಾಕೆಟ್. ಭಾರ ಇಪ್ಪತ್ತೈದು ಕಿಲೋ ಇರಬೇಕು, ಬಗ್ಗಿ ಎತ್ತಲು ಭಾವನೂ ಕೈ ಕೊಟ್ಟರು. ಹೊಸದು ಕೂರಿಸಿ ಬ್ರ್ಯಾಕೆಟ್ ಬಿಗಿ ಮಾಡಿ ಪ್ಲಸ್ ಮೊದಲು, ಮೈನಸ್ ಕೊನೆಗೆ. ಪೈಪು ಮರೆಯದೆ ಸಿಕ್ಕಿಸಿದೆ. ಬ್ಯಾಟರಿ ಕಾರಿನ ಒಳಗೇ ಇರುವುದರಿಂದ ಅದರ ಗ್ಯಾಸ್ ಹೊರಗೆ ಹೋಗುವ ದಾರಿ ಅದೊಂದೇ.

ಸ್ಟಾರ್ಟ್ ಮಾಡಿದರೆ ಡ್ಯಾಶ್ ತುಂಬ ಹಳದಿ ದೀಪ. ಗಾಬರಿ ಬೇಡ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಅಂಗಳದಲ್ಲಿ ಸ್ವಲ್ಪ ದೂರ ಓಡಿಸಿದ ಮೇಲೆ ಆರಿದವು. ಗಡಿಯಾರ, ತಾರೀಖು ಮತ್ತೆ ಸೆಟ್ ಮಾಡಿದೆ.

ಈಗ ರಿಜಿಸ್ಟ್ರೇಷನ್. ನಮ್ಮ ಕಡೆ ಜಾಸ್ತಿ ಜನ ಬಿಟ್ಟುಬಿಡುವುದು ಇದನ್ನೇ. ಬ್ಯಾಟರಿಗೆ ಎಷ್ಟು ವಯಸ್ಸಾಗಿದೆ, ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕವನ್ನು ಇಂಜಿನ್ ಕಂಪ್ಯೂಟರ್ ವರ್ಷಗಟ್ಟಲೆ ಬರೆದಿಟ್ಟುಕೊಂಡಿರುತ್ತದೆ, ಇಂಜಿನ್ ಓಡುವಾಗ ಚಾರ್ಜ್ ಮಾಡುವ ಆಲ್ಟರ್ನೇಟರ್ ಯಾವಾಗ ಎಷ್ಟು ಕೊಡಬೇಕು ಅನ್ನುವುದು ಆ ಲೆಕ್ಕದ ಮೇಲೆಯೇ ನಿಂತಿದೆ. ಹೊಸದು ಬಂದಿದೆ ಅಂತ ನಾವು ಹೇಳದಿದ್ದರೆ ಮುದಿ ಬ್ಯಾಟರಿಯ ಲೆಕ್ಕದಲ್ಲೇ ಹೊಸದನ್ನೂ ನಡೆಸುತ್ತದೆ. ಗಾಡಿಯ ಕಂಪ್ಯೂಟರಿನ ಜೊತೆ ಮಾತಾಡಲು ಡ್ರೈವರ್ ಕಾಲಿನ ಹತ್ತಿರ ಇರುವ ಒಬಿಡಿ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ, ಇಂಜಿನ್ ಆಫ್, ಇಗ್ನಿಷನ್ ಆನ್ ಇಟ್ಟು, ಫೋನಿನಲ್ಲಿ ಬಿಮ್ಮರ್‌ಲಿಂಕ್ ಅನ್ನುವ ಆ್ಯಪ್ ತೆರೆದು ಬ್ಯಾಟರಿ ರಿಜಿಸ್ಟರ್ ಒತ್ತಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಅದೇ ಜಾತಿ, ಅದೇ 90 ಹಾಕಿದ್ದರಿಂದ ಕೋಡಿಂಗ್ ಮುಟ್ಟಬೇಕಾಗಲಿಲ್ಲ.

ಭಾನುವಾರ

ಹಳೆಯದು ಯಾಕೆ ಸತ್ತಿತು ಅಂತ ಗೊತ್ತಾಗದೆ ನಿದ್ದೆ ಬರಲಿಲ್ಲ. ಹದಿನೇಳು ದಿನ ನಿಂತ ಮಾತ್ರಕ್ಕೆ 4 ವೋಲ್ಟಿಗೆ ಇಳಿಯಬಾರದು.

ಗಾಡಿ ಸುಮ್ಮನೆ ನಿಂತಿರುವಾಗ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಅಳೆಯಲು ಡಿಕ್ಕಿ ತೆರೆದಿರಬೇಕು, ಆದರೆ ಡಿಕ್ಕಿ ತೆರೆದಿದ್ದರೆ ಗಾಡಿ ಮಲಗುವುದಿಲ್ಲ, ಒಳಗಿನ ಕಂಪ್ಯೂಟರುಗಳು ಎದ್ದೇ ಇರುತ್ತವೆ. ಅದಕ್ಕೆ ಸ್ಕ್ರೂಡ್ರೈವರಿನಿಂದ ಡಿಕ್ಕಿಯ ಬೀಗದ ಕೊಕ್ಕೆಯನ್ನು ತಿರುಗಿಸಿ ಟಕ್ ಅನಿಸಿದೆ, ಮುಚ್ಚಿದೆ ಅಂತ ಗಾಡಿ ತಿಳಿದುಕೊಂಡಿತು. ಎಡಗಡೆ ಮುಂದಿನ ಕಿಟಕಿ ಇಳಿಸಿಟ್ಟು ಲಾಕ್ ಮಾಡಿ, ಅರ್ಧ ಗಂಟೆ ಬಿಟ್ಟು ಮೈನಸ್ ವೈರಿಗೆ ಡಿಸಿ ಕ್ಲಾಂಪ್ ಮೀಟರ್ (ವೈರ್ ಬಿಚ್ಚದೆ ಕರೆಂಟ್ ಅಳೆಯುವ ಮೀಟರ್) ಹಾಕಿದೆ. 0.24 ಆಂಪಿಯರ್! ಮಲಗಿದ ಗಾಡಿ 0.05 ದಾಟಬಾರದು. ಬಾಗಿಲು ತೆಗೆಯದೆ ಕಿಟಕಿಯಿಂದಲೇ ಕೈ ಹಾಕಿ ಡ್ಯಾಶ್‌ಕ್ಯಾಮಿನ ಪ್ಲಗ್ ಎಳೆದೆ. ಮೀಟರ್ 0.02ಕ್ಕೆ ಬಿತ್ತು.

ಸಿಕ್ಕಿತು. ಕ್ಯಾಮೆರಾ ಹಾಕಿಕೊಟ್ಟವರು ಅದನ್ನು ಯಾವಾಗಲೂ ಕರೆಂಟ್ ಇರುವ ಫ್ಯೂಸಿಗೆ ಜೋಡಿಸಿದ್ದಾರೆ, ವೋಲ್ಟೇಜ್ ಇಳಿದಾಗ ನಿಲ್ಲಿಸುವ ಕಟ್ ಆಫ್ ಕೊಟ್ಟಿಲ್ಲ. 0.22 ಆಂಪಿಯರ್ ಅಂದರೆ ದಿನಕ್ಕೆ ಐದು ಚಿಲ್ಲರೆ ಆಂಪಿಯರ್ ಅವರ್. ಹದಿನೇಳು ದಿನಕ್ಕೆ ಗುಣಿಸಿದರೆ ಹತ್ತಿರ ಹತ್ತಿರ 90. ಬ್ಯಾಟರಿ ಪೂರ್ತಿ ಅದರ ಹೊಟ್ಟೆಗೇ ಹೋಗಿದೆ. ಅಂಗಳದಲ್ಲೇ ಕೂತು ವೈರನ್ನು ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಬದಲಾಯಿಸಿದೆ. ಮತ್ತೆ ಅಳೆದೆ, 0.02.

ಮುಂದಿನ ಮಂಗಳವಾರ

ಐದು ದಿನ ಆಯಿತು. ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ 12.7. ನಿನ್ನೆ ಮಡಿಕೇರಿಗೆ ಹೋಗಿದ್ದೆ, ತಿಮ್ಮಯ್ಯ ಸರ್ಕಲ್ಲಿನಲ್ಲಿ ಬಸ್ಸು ತಿರುಗುವವರೆಗೆ ನಿಲ್ಲಬೇಕಾಯಿತು. ಬ್ರೇಕ್ ಒತ್ತಿ ಹಿಡಿದಿದ್ದೆ, ಇಂಜಿನ್ ತಾನೇ ನಿಂತಿತು. ಕಾಲು ತೆಗೆದೆ, ತಾನೇ ಹೊರಟಿತು. ಈ ಗಾಡಿ ಹಾಗೆ ಮಾಡಿ ಒಂದು ವರ್ಷದ ಮೇಲಾಗಿತ್ತು. ಅದು ಕೆಟ್ಟುಹೋಗಿದೆ ಅಂತಲೇ ಅಂದುಕೊಂಡಿದ್ದೆ.