ಮುಂಗೈ ಟ್ಯಾಗ್: ಮೂರು ವಾರದ ತಲೆನೋವು, ಒಂದು ಬಿಸಿ ರೊಟ್ಟಿ

ಕೊನೆಗೂ ನಿನ್ನೆ ರಾತ್ರಿಯಿಡೀ ಒಂದೂ ಪ್ಯಾಕೆಟ್, ಅಂದರೆ ಟ್ಯಾಗ್ ರೇಡಿಯೊದಲ್ಲಿ ಕಳಿಸುವ ಪುಟ್ಟ ಸಂದೇಶ, ತಪ್ಪಲಿಲ್ಲ. ನಿದ್ದೆ ಬಿಟ್ಟು ಎಣಿಸಿದ್ದೇನೆ, ನಂಬಿ.

ಮುಂಗೈಗೆ ನಾಡಿ ನೋಡುವ ಟ್ಯಾಗ್, ಸೊಂಟದ ಬೆಲ್ಟಿಗೆ ರಿಸೀವರ್. ಎರಡರಲ್ಲೂ ರೇಡಿಯೊ ಇರುವ ಎನ್‌ಆರ್‌ಎಫ್52832 ಚಿಪ್. ರೇಡಿಯೊ ಕಿವಿ ತೆರೆದರೆ ಸುಮಾರು 5.4 ಮಿಲಿಆಂಪ್ ಕುಡಿಯುತ್ತದೆ. ನಾಣ್ಯದಂಥ ಸಿಆರ್2032 ಸೆಲ್‌ನಲ್ಲಿ ಇರುವುದೇ 220 ಮಿಲಿಆಂಪ್ ಅವರ್. ಸದಾ ಕೇಳುತ್ತಾ ಕೂತರೆ ಎರಡು ದಿನವೂ ಬಾಳುವುದಿಲ್ಲ. ಅದಕ್ಕೇ ರಿಸೀವರ್ 4 ಸೆಕೆಂಡಿಗೊಮ್ಮೆ, ಟ್ಯಾಗ್ ಕೂಗುವ ಹೊತ್ತಿಗೆ, 2 ಮಿಲಿಸೆಕೆಂಡ್ ಮಾತ್ರ ಎಚ್ಚರ. ಸರಾಸರಿ 2.7 ಮೈಕ್ರೋಆಂಪ್. ಕಾಗದದ ಮೇಲೆ ಬಲು ಚೆಂದ.

ಟೇಬಲ್ ಮೇಲೆ ಇಟ್ಟರೆ ಗಡಿಯಾರದ ಹಾಗೆ ಪ್ಯಾಕೆಟ್ ಬರುತ್ತಿತ್ತು. ಕೈಗೆ ಕಟ್ಟಿಕೊಂಡರೆ ಹತ್ತು ನಿಮಿಷಕ್ಕೆ ಹೊತ್ತಿಗೆ ಸರಿಯಾಗಿ ಬರುವುದು ಬಂದ್. ಪ್ಯಾಕೆಟ್ ತಪ್ಪಿದರೆ ರಿಸೀವರ್ ಕಿವಿ ಮುಚ್ಚದೆ ಹುಡುಕುತ್ತದೆ, ಒಂದು ಸಿಕ್ಕರೆ ಹೊತ್ತು ಹೊಂದಿಸಿಕೊಂಡು ಮಲಗುತ್ತದೆ, ಮುಂದಿನದು ಮತ್ತೆ ತಪ್ಪುತ್ತದೆ. ಹಾಗೆ ಕೋಡ್ ಬರೆದ ಜಾಣ ನಾನೇ. ಸೆಲ್ ಮೂರೇ ದಿನಕ್ಕೆ ಸತ್ತಿತು.

ಮೈಯಲ್ಲಿ ನೀರು ಜಾಸ್ತಿ, 2.4 ಗಿಗಾಹರ್ಟ್ಸ್ ಅಲೆಯನ್ನು ನುಂಗುತ್ತದೆ, ಇದು ಎಲ್ಲರಿಗೂ ಗೊತ್ತು. ಚರ್ಮದ ಹತ್ತಿರ ಬಂದರೆ ಆಂಟೆನಾ ಟ್ಯೂನಿಂಗೂ ಕೆಡುತ್ತದೆ. ಹಾಗಾಗಿ ಎರಡು ವಾರ ಆಂಟೆನಾ ಹಿಂದೆ ಬಿದ್ದೆ. ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿ ಟ್ಯಾಗಿನ ಕೆಳಗೆ 5 ಮಿಲಿಮೀಟರ್ ಎತ್ತರ ಕೊಟ್ಟೆ. ಸಿಗ್ನಲ್ ಏರಿತು. ಹತ್ತು ನಿಮಿಷಕ್ಕೆ ಮತ್ತೆ ಬಂದ್! ಮೈ ನುಂಗುವುದಾದರೆ ಕಟ್ಟಿದ ಕೂಡಲೇ ನುಂಗಬೇಕು, ಅಲ್ವಾ? ಹತ್ತು ನಿಮಿಷ ಯಾಕೆ ಕಾಯುತ್ತದೆ? ಈ ಪ್ರಶ್ನೆ ಮೊದಲ ದಿನವೇ ಹೊಳೆಯಬೇಕಿತ್ತು.

ಹೊಳೆದದ್ದು ಅಡುಗೆಮನೆಯಲ್ಲಿ. ಅವ್ವ ಜೋಳದ ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಇಟ್ಟಿದ್ದಳು. ಸ್ವಲ್ಪ ಆರಲಿ ಅಂತ ಬಿಟ್ಟು, ಟ್ಯಾಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೊಟ್ಟಿಗಳ ನಡುವೆ ತೂರಿಸಿದೆ. "ರೊಟ್ಟಿಯೊಳಗ ಏನಿಟ್ಟಿಯೋ?" ಅಂತ ಬೈದಳು. ಐದು ನಿಮಿಷಕ್ಕೆ ಪ್ಯಾಕೆಟ್ ನಿಂತವು. ಬುಟ್ಟಿ ಮುಟ್ಟಲಿಲ್ಲ. ಒಂದು ತಾಸಿಗೆ ಅದೇ ರೊಟ್ಟಿ ತಣ್ಣಗಾಯಿತು, ಪ್ಯಾಕೆಟ್ ತಾವೇ ಶುರುವಾದವು. ಅಂದರೆ ಶಾಖ!

ಟ್ಯಾಗಿನ ಮಾಡ್ಯೂಲ್ ತೆರೆದು ನೋಡಿದರೆ ಹೊತ್ತು ಎಣಿಸುವ 32 ಕಿಲೋಹರ್ಟ್ಸ್ ಕ್ರಿಸ್ಟಲ್ಲೇ ಇಲ್ಲ, ಬರೀ ಖಾಲಿ ಜಾಗ. ಟ್ಯಾಗ್ ಚಿಪ್‌ನೊಳಗಿನ ಆರ್‌ಸಿ ಆಸಿಲೇಟರ್ ಅನ್ನುವ ಒರಟು ಗಡಿಯಾರದ ಮೇಲೆ ಓಡುತ್ತಿತ್ತು. ಅದು ಬಿಸಿ ಏರಿದ ಹಾಗೆ ದಾರಿ ತಪ್ಪುತ್ತದೆ, ಆಗಾಗ ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ತಿದ್ದಬೇಕು. ಕರೆಂಟ್ ಉಳಿಸೋಣ ಅಂತ ಆ ತಿದ್ದುವ ಕೆಲಸ ನಿಲ್ಲಿಸಿದ್ದೂ ನಾನೇ. 4 ಸೆಕೆಂಡಿಗೆ 1 ಮಿಲಿಸೆಕೆಂಡ್ ತಪ್ಪಿದರೆ, ಅಂದರೆ 250 ಪಿಪಿಎಂ (ಹತ್ತು ಲಕ್ಷಕ್ಕೆ 250 ಪಾಲು), ಟ್ಯಾಗ್ ಕೂಗುವ ಹೊತ್ತಿಗೆ ರಿಸೀವರ್ ಮಲಗಿರುತ್ತದೆ. ಎರಡೂ ಕಡೆ 20 ಪಿಪಿಎಂ ಕ್ರಿಸ್ಟಲ್ ಇದ್ದರೆ ತಪ್ಪುವುದು 160 ಮೈಕ್ರೋಸೆಕೆಂಡ್ ಅಷ್ಟೇ.

ಕ್ರಿಸ್ಟಲ್ ಆರ್ಡರ್ ಮಾಡಿದೆ. ಒಂಬತ್ತು ದಿನ ಕಳೆದು ನವನಗರದ ನಮ್ಮ ಮನೆಗೆ ಬಂದದ್ದು 32.768 ಕಿಲೋಹರ್ಟ್ಸ್ ಅಲ್ಲ, 32 ಮೆಗಾಹರ್ಟ್ಸ್. ಹತ್ತು ಪೀಸ್. ಅಂಗಡಿಯವನಿಗೆ ಫೋನ್ ಮಾಡಿದರೆ, "ಸರ್, 32 ಅಂತಾನೇ ಇದೆಯಲ್ಲ?" ಅಂದ. ಸಿಟ್ಟಿಗೆ ಪಡಸಾಲೆಯ ಎರಡು ಗೋಡೆ ಗಡಿಯಾರ ಬಿಚ್ಚಿ ಅದರ ಸಿಲಿಂಡರ್ ಕ್ರಿಸ್ಟಲ್ ಕಿತ್ತೆ. 18 ಪಿಕೋಫ್ಯಾರಡ್ ಕೆಪಾಸಿಟರ್ ಎರಡೆರಡು ಹಾಕಿ ಬೆಸುಗೆ ಹೊಡೆದೆ. ಮೀಸೆಯಂಥ ಕಾಲುಗಳು, ಒಂದು ಮುರಿದೇ ಹೋಯಿತು. ಮೂರನೇ ಗಡಿಯಾರ ಪಕ್ಕದ ಮನೆಯದ್ದು.

ಮುಂದಿನದು ಈಗಲೇ ಕಾಡುತ್ತಿದೆ. ಎಎಸ್3933 ಚಿಪ್ ಹಾಕಿ 125 ಕಿಲೋಹರ್ಟ್ಸ್‌ನಲ್ಲಿ ಟ್ಯಾಗನ್ನು ಎಬ್ಬಿಸುವುದು. ಕೇಳುತ್ತಾ ಕೂತರೂ ಕೆಲವೇ ಮೈಕ್ರೋಆಂಪ್. ಆ ಕಾಂತಕ್ಷೇತ್ರಕ್ಕೆ ಮೈ ಅಡ್ಡವೇ ಅಲ್ಲ. ಸೊಂಟದ ಸುತ್ತ ಕಾಯಿಲ್ ಬೇಕು. ಗುಳೇದಗುಡ್ಡದ ಖಣದ ಪಟ್ಟಿಯಲ್ಲೇ ಎನಾಮಲ್ ತಂತಿ ನೇಯಿಸೋಣ ಅಂತ ಹೋಗಿದ್ದೆ. ನೇಕಾರ ಕಾಕಾ ತಂತಿ ಬಗ್ಗಿಸಿ ನೋಡಿ ನಕ್ಕರು: "ತಮ್ಮಾ, ಇದು ಲಾಳಿಯೊಳಗ ಕುಂದ್ರಂಗಿಲ್ಲ." ಇನ್ನೂ ತೆಳು ತಂತಿ ತಗೊಂಡು ಮತ್ತೆ ಹೋಗಬೇಕು.

32 ಮೆಗಾಹರ್ಟ್ಸ್ ಕ್ರಿಸ್ಟಲ್ ಯಾರಿಗಾದರೂ ಬೇಕಾ? ಹತ್ತೂ ಇವೆ.