ಕೊಲ್ಹಾಪುರದಿಂದ ಮುಂಬೈ ಗಿರಗಾಂವ್‌ಗೆ, ಮೂಕಿ ಸಿನಿಮಾದ ಪೋಸ್ಟರ್ ಹಿಂದೆ

ಬೆಳಗಾವಿ ಕಡೆಯವ್ರಿಗೆ ಕೊಲ್ಹಾಪುರ ಅಂದ್ರೆ ಮಹಾಲಕ್ಷ್ಮಿ ಗುಡಿ, ಚಪ್ಲಿ, ತಾಂಬ್ಡಾ ರಸ್ಸಾ ಅಷ್ಟೇ. ಈ ಸಲ ನಾನು, ನನ್ನ ಗೆಳೆಯ ಇಬ್ರೂ ಹೋಗಿದ್ದು ಮೂಕಿ ಸಿನಿಮಾ ಕಾಲದ ನಿರ್ದೇಶಕ ಬಾಬುರಾವ್ ಪೇಂಟರ್ ಸಲುವಾಗಿ. ನಿಪ್ಪಾಣಿ ದಾಟಿ ಬೆಳಿಗ್ಗೆನೇ ಸ್ಟ್ಯಾಂಡಲ್ಲಿ ಇಳಿದು, ಮಿಸಳ್ ತಿಂದು ಸೀದಾ ಖರಿ ಕಾರ್ನರ್‌ಗೆ ನಡೆದ್ವಿ. ಅಲ್ಲಿ ರಸ್ತೆ ಕೂಡೋ ಜಾಗದಲ್ಲಿ ಒಂದು ಸ್ತಂಭ ಇದೆ, ಅದು ಹಳೇ ಕಾಲದ ಸಿನಿಮಾ ಕ್ಯಾಮೆರಾದ ಸ್ಮಾರಕ. ರಿಕ್ಷಾ, ಬೈಕು, ತರಕಾರಿ ಗಾಡಿ ಎಲ್ಲಾ ಅದ್ರ ಪಕ್ಕದಲ್ಲೇ ಹಾಯ್ಕೊಂಡು ಹೋಗ್ತಾವೆ. ನಾವು ಫೋಟೋ ತೆಗೀತಾ ನಿಂತಿದ್ದು ನೋಡಿ ಪಕ್ಕದ ಅಂಗಡಿ ಅಜ್ಜ ನಮ್ಮ ಕನ್ನಡ ಕೇಳಿ "ಬೆಳಗಾಂವದವ್ರೇನ್ರಿ? ಇಲ್ಲೇ ಇತ್ರೀ ಕಂಪನಿ" ಅಂದ್ರು. ಹೇಳೋವಾಗ ಅವ್ರ ಮುಖದಲ್ಲಿ ಎಂಥಾ ಹೆಮ್ಮೆ ಅಂತೀರಿ!

ಕಂಪನಿ ಅಂದ್ರೆ ಮಹಾರಾಷ್ಟ್ರ ಫಿಲ್ಮ್ ಕಂಪನಿ. ಬಾಬುರಾವ್ ಹುಟ್ಟಿದ್ದು 1890ರಲ್ಲಿ ಇದೇ ಊರಲ್ಲಿ, ಮನೆ ಹೆಸರು ಮೇಸ್ತ್ರಿ. ಚಿಕ್ಕಪ್ಪನೋ ದೊಡ್ಡಪ್ಪನೋ ಮಗ ಆನಂದರಾವ್ ಜೊತೆ ಸೇರಿ ನಾಟಕ ಕಂಪನಿಗಳಿಗೆ ಪರದೆ ಬರೀತಿದ್ರು, ಹಂಗಾಗಿ ಪೇಂಟರ್ ಅನ್ನೋದೇ ಹೆಸರಾಯ್ತು. ದಾದಾಸಾಹೇಬ್ ಫಾಲ್ಕೆ ಸಿನಿಮಾ ನೋಡಿದ ಮೇಲೆ ತಾವೂ ಮಾಡ್ಬೇಕು ಅಂತ ಹೊರಟ್ರು, ಆದ್ರೆ ಆನಂದರಾವ್ 1916ರಲ್ಲಿ ತೀರಿಕೊಂಡ್ರು, ಆಮೇಲೆ ಬಾಬುರಾವ್ ದಾಮ್ಲೆ ಅನ್ನೋವ್ರನ್ನ ಜೊತೆಗಿಟ್ಕೊಂಡು ಕ್ಯಾಮೆರಾನ ತಾವೇ ಕಟ್ಟಿ ಮುಗಿಸಿದ್ರು. ಅದ್ರಲ್ಲೇ 'ಸೈರಂಧ್ರಿ' ತೆಗೆದ್ರು, 1920ರಲ್ಲಿ ಪುಣೆಯಲ್ಲಿ ಬಿಡುಗಡೆ ಆಯ್ತು, ಲೋಕಮಾನ್ಯ ತಿಲಕರು ಸಿನಿಮಾ ಕೇಸರಿ ಅಂತ ಬಿರುದು ಕೊಟ್ರು. ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದಲ್ಲಿ ಹರಿಶ್ಚಂದ್ರನ ಹೆಂಡತಿ ತಾರಾಮತಿಯಾಗಿ ಸಾಳುಂಕೆ ಅನ್ನೋ ಹೋಟೆಲ್ ಅಡುಗೆ ಹುಡುಗ ಸೀರೆ ಉಟ್ಟಿದ್ದ ಕಾಲ ಅದು, ಇಲ್ಲಿ ಮಾತ್ರ ಗುಲಾಬ್ ಬಾಯಿ, ಅನುಸೂಯಾ ಬಾಯಿ ಅನ್ನೋ ಇಬ್ಬರು ಹೆಣ್ಮಕ್ಕಳೇ ಪಾತ್ರ ಮಾಡಿದ್ರು, ಅದಕ್ಕೆ ಅವ್ರ ಜಾತಿಯವ್ರು ಅವ್ರನ್ನ ಹೊರಗಿಟ್ರು. ಈ ಇಬ್ಬರಿಗೂ ಆ ಸ್ತಂಭದ ಪಕ್ಕ ಒಂದೊಂದು ಕಲ್ಲಾದ್ರೂ ಇರಬೇಕಿತ್ತು ಅಂತ ನನಗೆ ಬಲವಾಗಿ ಅನಿಸ್ತು.

ಈಗ ಪೋಸ್ಟರ್ ವಿಷಯ. ಅಲ್ಲೀತನಕ ಜಾಹೀರಾತು ಅಂದ್ರೆ ಪೇಪರಲ್ಲಿ ನಾಲ್ಕು ಸಾಲು, ಇಲ್ಲಾಂದ್ರೆ ಟಾಂಗಾದಲ್ಲಿ ಬ್ಯಾಂಡ್ ಬಾರಿಸ್ಕೊಂಡು ಹ್ಯಾಂಡ್‌ಬಿಲ್ ಹಂಚೋದು. ಬಾಬುರಾವ್ ಕೈಯಲ್ಲಿ ಕುಂಚ ಇತ್ತಲ್ಲ, ಸಿನಿಮಾಕ್ಕೆ ತಾವೇ ಚಿತ್ರ ಬರೆದು ಪೋಸ್ಟರ್ ಮಾಡಿದ್ರು, ಕಥೆ ಮತ್ತೆ ಫೋಟೋ ಇರೋ ಪುಸ್ತಿಕೆನೂ ಅಚ್ಚು ಹಾಕಿಸಿದ್ರು. ತೆರೆ ಮೇಲೆ ಮಾತಿಲ್ಲ, ಬಹಳ ಜನಕ್ಕೆ ಓದೋಕೂ ಬರಲ್ಲ, ಅಂಥವ್ರನ್ನ ಗೋಡೆ ಮುಂದೆ ನಿಲ್ಲಿಸಬೇಕು ಅಂದ್ರೆ ಬಣ್ಣವೇ ಮಾತಾಡ್ಬೇಕು. ಅವರ 'ಕಲ್ಯಾಣ್ ಖಜಿನಾ' 1924ರದ್ದು, ಶಿವಾಜಿ ಮಹಾರಾಜರ ಕಥೆ. ನಮ್ಮ ದೇಶದಲ್ಲಿ ಉಳಿದಿರೋ ಚಿತ್ರವಿರೋ ಪೋಸ್ಟರ್‌ಗಳಲ್ಲಿ ಅತಿ ಹಳೇದು ಅಂದ್ರೆ ಅದ್ರದ್ದೇ. ಭಾರತದಲ್ಲಿ ಹತ್ತಿರಹತ್ತಿರ 1300 ಮೂಕಿ ಚಿತ್ರ ತಯಾರಾದ್ವು, ಈಗ ಇರೋದು ಮೂವತ್ತರ ಆಸುಪಾಸು, ಅದ್ರಲ್ಲೂ ತುಂಬಾನೇ ತುಂಡುತುಂಡು. ಆ ಕಾಲದ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹತ್ತುತ್ತೆ, ಕೊಳೆಯುತ್ತೆ, ಉಳಿದದ್ದನ್ನ ಅದ್ರೊಳಗಿನ ಬೆಳ್ಳಿ ತೆಗೆಯೋಕೆ ಮಾರಿದ್ರು. ಆ ಕಾಲದ ಎಷ್ಟೋ ತಾರೆಯರ ಮುಖ ನಮಗೆ ಗೊತ್ತಿರೋದು ಈ ಜಾಹೀರಾತು ಕಾಗದದಿಂದ ಮಾತ್ರ!

'ಕಲ್ಯಾಣ್ ಖಜಿನಾ'ದಲ್ಲಿ ಹೆಣ್ಣುವೇಷ ಹಾಕಿ ಕುಣಿದ ಹುಡುಗನೊಬ್ಬ ಇದ್ದ, ಹೆಸರು ವಿಠ್ಠಲ್. ಅವನನ್ನ ನೆನಪಿಟ್ಕೊಳ್ಳಿ, ಮುಂಬೈಲಿ ಮತ್ತೆ ಸಿಗ್ತಾನೆ.

ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಮುಂಬೈ ಸಿಎಸ್‌ಎಂಟಿ ಸ್ಟೇಷನ್. ಅಲ್ಲಿಂದ ನಡೆದೇ ಕಾಳಾ ಘೋಡಾ. ವಾಟ್ಸನ್ ಹೋಟೆಲ್ ಇದ್ದ ಕಟ್ಟಡ ಎಸ್ಪ್ಲನೇಡ್ ಮ್ಯಾನ್ಶನ್, ಎರಕದ ಕಬ್ಬಿಣದ ಚೌಕಟ್ಟಿಂದು, ಪೂರಾ ಶಿಥಿಲ ಆಗಿದೆ, ಹೊರಗಿಂದಲೇ ನೋಡ್ಬೇಕು, ನೋಡಿ ಹೊಟ್ಟೆ ಉರೀತು. 1896 ಜುಲೈ 7ರಂದು ಫ್ರಾನ್ಸಿನ ಲುಮಿಯೇರ್ ಸಹೋದರರ ಚಲನಚಿತ್ರಗಳನ್ನ ನಮ್ಮ ದೇಶದಲ್ಲಿ ಮೊದಲ ಸಲ ತೋರಿಸಿದ್ದು ಇಲ್ಲೇ, ಟಿಕೆಟ್ ಒಂದು ರೂಪಾಯಿ, ಅವತ್ತಿನ ಟೈಮ್ಸ್ ಆಫ್ ಇಂಡಿಯಾದಲ್ಲಿ ಶತಮಾನದ ಅದ್ಭುತ ಅಂತ ಜಾಹೀರಾತು. ಆಮೇಲೆ ಶೋ ನಾವೆಲ್ಟಿ ಥಿಯೇಟರ್‌ಗೆ ಹೋದಾಗ ನಾಲ್ಕಾಣೆ ಸೀಟೂ ಬಂತು, ಪರದೆ ಪಾಲಿಸೋ ಹೆಂಗಸರಿಗೆ ಬೇರೆ ಬಾಕ್ಸ್ ಇದೆ ಅಂತಾನೂ ಹಾಕಿದ್ರು.

ಪೆಡ್ಡರ್ ರೋಡಿನ ಗುಲ್ಶನ್ ಮಹಲ್‌ನಲ್ಲಿ ಸಿನಿಮಾ ಮ್ಯೂಸಿಯಂ ಇದೆ, 2019ರಲ್ಲಿ ಶುರುವಾಗಿದ್ದು. ಮೂಕಿ ಕಾಲದ ಭಾಗದಲ್ಲೇ ನಾವು ಜಾಸ್ತಿ ಹೊತ್ತು ಕಳೆದ್ವಿ, ಅಲ್ಲಿ ನಮ್ಮ ಮಾತೆಲ್ಲಾ ಆ ಕಾಲದ ದೊಡ್ಡ ತಾರೆ ಸುಲೋಚನಾ ಬಗ್ಗೆನೇ. ನಿಜ ಹೆಸರು ರೂಬಿ ಮೈಯರ್ಸ್, ಯಹೂದಿ ಹೆಣ್ಮಗಳು, ಟೆಲಿಫೋನ್ ಆಪರೇಟರ್ ಆಗಿದ್ದವಳನ್ನ ನಿರ್ದೇಶಕ ಮೋಹನ್ ಭವ್ನಾನಿ ಸಿನಿಮಾಕ್ಕೆ ಕರೆತಂದ್ರು. 'ಟೆಲಿಫೋನ್ ಗರ್ಲ್', 'ಟೈಪಿಸ್ಟ್ ಗರ್ಲ್' ಎರಡೂ 1926ರವು, ಮುಂದಿನ ವರ್ಷ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'ಯಲ್ಲಿ ಒಬ್ಬಳೇ ಎಂಟು ಪಾತ್ರ! ಇದೇ ಭವ್ನಾನಿ ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯರನ್ನ ಹಾಕ್ಕೊಂಡು 'ವಸಂತಸೇನಾ' ಅಂತ ಮೂಕಿ ಚಿತ್ರ ಮಾಡಿದ್ರು, ನಮ್ಮ ಕೈಲಾಸಂ ತೆರೆ ಮೇಲೆ ಮಾತಿಲ್ದೇ ಹೆಂಗಿದ್ದರೋ ಅಂತ ನೋಡೋ ಆಸೆ ನನಗೆ.

ಸಂಜೆ ಗಿರಗಾಂವ್. 1913 ಮೇ 3ಕ್ಕೆ 'ರಾಜಾ ಹರಿಶ್ಚಂದ್ರ' ಬಂದ ಕಾರೊನೇಷನ್ ಥಿಯೇಟರ್ ಈಗಿಲ್ಲ. ಅವತ್ತಿನ ಜಾಹೀರಾತಲ್ಲಿ ಸಿನಿಮಾ ಜೊತೆಗೆ ಮಿಸ್ ಐರೀನ್ ಡೆಲ್ಮಾರ್ ಡ್ಯಾನ್ಸ್, ಕಾಲಲ್ಲಿ ಜಗ್ಲಿಂಗ್ ಮಾಡೋ ಅಲೆಗ್ಸಾಂಡ್ರಾಫ್, ಹಾಸ್ಯದ ತುಣುಕು ಎಲ್ಲಾ ಇತ್ತು, ಕೆಳಗೆ ಟಿಕೆಟ್ ದರ ಡಬಲ್ ಅಂತ ಸೂಚನೆ. ಸೂರತ್‌ನಲ್ಲಿ ಮೊದಲ ದಿನ ಜನಾನೇ ಬರದೇ ಇದ್ದಾಗ ಫಾಲ್ಕೆ ಹಾಕಿಸಿದ್ದು ಇದು: 57,000 ಫೋಟೋಗಳ ಆಟ, ಎರಡು ಮೈಲಿ ಉದ್ದದ ಚಿತ್ರ, ಬರೀ ಮೂರಾಣೆ. ಆರು ಗಂಟೆ ನಾಟಕ ನೋಡಿ ರೂಢಿಯಾದ ಜನಕ್ಕೆ ಉದ್ದ ತೋರಿಸಿದ್ರೇನೇ ಕೊಟ್ಟ ದುಡ್ಡಿಗೆ ಸಮಾಧಾನ, ಅದನ್ನ ಫಾಲ್ಕೆ ಎಷ್ಟು ಚೆನ್ನಾಗಿ ಹಿಡಿದಿದ್ರು ನೋಡಿ.

ಕೊನೆಗೆ ಮೆಜೆಸ್ಟಿಕ್. ಥಿಯೇಟರ್ ಹೋಗಿ ಶಾಪಿಂಗ್ ಸೆಂಟರ್ ಆಗಿದೆ, ಹೆಸರು ಮಾತ್ರ ಉಳಿದಿದೆ. 1931 ಮಾರ್ಚ್ 14ಕ್ಕೆ ನಮ್ಮ ದೇಶದ ಮೊದಲ ಮಾತಿನ ಸಿನಿಮಾ 'ಆಲಂ ಆರಾ' ಇಲ್ಲೇ ಬಂತು. ಸತ್ತ 78 ಜನ ಜೀವ ಪಡೆದಿದ್ದಾರೆ, ಮಾತಾಡೋದು ನೋಡಿ ಅಂತ ಜಾಹೀರಾತು. ಅದ್ರ ಹೀರೋ ಯಾರು ಗೊತ್ತಾ, ಕೊಲ್ಹಾಪುರದಲ್ಲಿ ಹೆಣ್ಣುವೇಷ ಹಾಕಿ ಕುಣಿದಿದ್ದ ಅದೇ ವಿಠ್ಠಲ್, ಅಷ್ಟೊತ್ತಿಗೆ ಮಾಸ್ಟರ್ ವಿಠ್ಠಲ್ ಆಗಿ ಕತ್ತಿವರಸೆ ಸ್ಟಂಟ್ ಚಿತ್ರಗಳ ದೊಡ್ಡ ಸ್ಟಾರ್, ಹಾಲಿವುಡ್ ಹೀರೋ ಡಗ್ಲಾಸ್ ಫೇರ್‌ಬ್ಯಾಂಕ್ಸ್‌ಗೆ ಹೋಲಿಸಿ ಭಾರತದ ಫೇರ್‌ಬ್ಯಾಂಕ್ಸ್ ಅಂತಿದ್ರು. ಹಳೇ ಕಂಪನಿ ಬಿಟ್ಟು ಬಂದಿದ್ದಕ್ಕೆ ಕೋರ್ಟ್ ಕೇಸಾಗಿ, ಇವ್ನ ಪರ ವಾದಿಸಿದ್ದು ವಕೀಲ ಜಿನ್ನಾ. ಆದ್ರೆ ಮಾತಿನ ಸಿನಿಮಾದ ಭಾಷೆ ಅವನ ಬಾಯಲ್ಲಿ ಹೊರಳಲಿಲ್ಲ, ಹಂಗಾಗಿ ಪಾತ್ರಾನ ಮಂಪರಲ್ಲೇ ಇಟ್ಟು ಡೈಲಾಗ್ ಕಮ್ಮಿ ಮಾಡಿದ್ರು. 78 ಜನ ಮಾತಾಡ್ತಾರೆ ಅಂತ ಸಾರಿದ ಆ ಚಿತ್ರದಲ್ಲಿ ಹೀರೋನೇ ಹೆಚ್ಚು ಕಮ್ಮಿ ಮೂಕ. ಆಮೇಲೆ ಅವನು ಮರಾಠಿ ಚಿತ್ರಗಳ ಕಡೆಗೇ ವಾಪಸ್ ಹೋದ, ಸಣ್ಣಪುಟ್ಟ ಪಾತ್ರಗಳಲ್ಲಿ 1960ರ ದಶಕದವರೆಗೂ ನಟಿಸ್ತಾ ಇದ್ದ.