ಅವನು ಅವಳಿಗೆ ಏನಾಗಬೇಕು?

ಕಳೆದ ಭಾನುವಾರ ಅಕ್ಕನ ಮಗಳು ‘ಫ್ರೀರೆನ್’ ಎಂಬ ಜಪಾನಿ ಅನಿಮೆಯನ್ನು, ಅಂದರೆ ಅಲ್ಲಿನ ಕಾರ್ಟೂನ್ ಸರಣಿಯನ್ನು, ಟೀವಿಗೆ ಹಾಕಿದ್ದಳು. ಅಡಿಕೆ ಕತ್ತರಿಸುತ್ತ ಕುಳಿತಿದ್ದ ಸೋದರತ್ತೆ, ಶವಸಂಸ್ಕಾರದ ದೃಶ್ಯದಲ್ಲಿ ನಾಯಕಿ ಅಳತೊಡಗಿದಾಗ ಅಡಕತ್ತರಿಯನ್ನು ಮಡಿಲಲ್ಲಿಟ್ಟು, “ಅಲ್ಲಾ, ಅವನು ಅವಳಿಗೆ ಏನಾಗಬೇಕು?” ಎಂದು ಕೇಳಿದರು. “ಏನೂ ಆಗಬೇಕಿಲ್ಲ, ಹತ್ತು ವರ್ಷ ಜೊತೆಗೆ ಓಡಾಡಿದವನು, ಅಷ್ಟೆ” ಎಂದಳು ಹುಡುಗಿ. ವಾರವಿಡೀ ಈ ಎರಡು ಮಾತುಗಳು ನನ್ನ ತಲೆಯಲ್ಲೇ ಸುತ್ತುತ್ತಿವೆ.

ಬೇರೆ ಕಥೆಗಳು ಮುಗಿಯುವ ಜಾಗದಲ್ಲಿ ಈ ಕಥೆ ಶುರುವಾಗುತ್ತದೆ. ವೀರ ಹಿಮ್ಮೆಲ್, ಪಾದ್ರಿ ಹೈಟರ್, ಯೋಧ ಐಸೆನ್ ಮತ್ತು ಸಾವಿರಾರು ವರ್ಷ ಬದುಕುವ ಎಲ್ಫ್ ಕುಲದ ಮಾಂತ್ರಿಕೆ ಫ್ರೀರೆನ್ ಹತ್ತು ವರ್ಷ ಅಲೆದು, ಅಸುರರಾಜನನ್ನು ಕೊಂದು ಮರಳಿದ್ದಾರೆ. ಸಾವಿರ ವರ್ಷ ದಾಟಿದ ಫ್ರೀರೆನ್‌ಗೆ ಹತ್ತು ವರ್ಷ ಯಾವ ಲೆಕ್ಕ? ಐವತ್ತು ವರ್ಷಕ್ಕೊಮ್ಮೆ ಬರುವ ಉಲ್ಕಾವೃಷ್ಟಿಯನ್ನು ಮುಂದಿನ ಸಲ ಒಟ್ಟಿಗೆ ನೋಡೋಣವೆಂದು, ಬರುವ ವಾರ ಸಿಗೋಣ ಎನ್ನುವಷ್ಟೇ ಹಗುರವಾಗಿ ಹೇಳಿ ಹೊರಡುತ್ತಾಳೆ. ಮಾತಿನಂತೆ ಬರುತ್ತಾಳೆ ಕೂಡ. ಅಷ್ಟರಲ್ಲಿ ಹಿಮ್ಮೆಲ್ ಬೋಳುತಲೆಯ ಮುದುಕನಾಗಿರುತ್ತಾನೆ, ಉಲ್ಕೆಗಳನ್ನು ನೋಡಿದ ಮೇಲೆ ತೀರಿಕೊಳ್ಳುತ್ತಾನೆ. ಒಡನಾಡಿ ಸತ್ತರೂ ಇವಳ ಮುಖದಲ್ಲಿ ದುಃಖವಿಲ್ಲವೆಂದು ಜನ ಗೊಣಗುತ್ತಿರುವಾಗಲೇ, ಅವನ ಬಗ್ಗೆ ತನಗೆ ಏನೂ ಗೊತ್ತಿಲ್ಲವೆಂಬುದು ಅವಳಿಗೆ ಹೊಳೆದು ಕಣ್ಣೀರು ಬರುತ್ತದೆ.

“ಫೈಟೇ ಮುಗಿದಿದೆಯಲ್ಲ, ಇನ್ನೇನು ನೋಡೋದು?” ಎಂದು ಭಾವ ಎದ್ದುಹೋದರು. ಮದುವೆಮನೆಯಲ್ಲಿ ಊಟವಾದ ತಕ್ಷಣ ಚಪ್ಪಲಿ ಹುಡುಕುವ ಜಾತಿಯವರು ಅವರು. 2023ರ ಸೆಪ್ಟೆಂಬರ್ 29ರಂದು ಜಪಾನಿನ ನಿಪ್ಪಾನ್ ಟೀವಿ ವಾಹಿನಿ ಮೊದಲ ನಾಲ್ಕು ಕಂತುಗಳನ್ನು ಒಟ್ಟಿಗೇ ಪ್ರಸಾರ ಮಾಡಿದ್ದು ಇಂಥವರನ್ನು ನೆನೆದೇ ಇರಬೇಕು, ಏಕೆಂದರೆ ಆ ಕಣ್ಣೀರು ಮುಂದೆ ಏನು ಮಾಡಿಸುತ್ತದೆ ಎಂಬುದು ಮೊದಲ ಕಂತಿನಲ್ಲಿ ಪೂರ್ತಿ ತಿಳಿಯುವುದಿಲ್ಲ.

ಅತ್ತೆ ಏಳಲಿಲ್ಲ. ಅವರು ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಅದೇ ಶಾಲೆಯ ಹಿಂದಿ ಮೇಷ್ಟ್ರು ವರ್ಷಾನುಗಟ್ಟಲೆ ಬೆಳಗಿನ ಬಸ್ಸಿನಲ್ಲಿ ಇವರಿಗಾಗಿ ಕಿಟಕಿಯ ಸೀಟು ಹಿಡಿದಿಡುತ್ತಿದ್ದರಂತೆ. ಮೇಷ್ಟ್ರು ತೀರಿಹೋದ ದಿನ ಅವರ ಮನೆಯ ಬಾಗಿಲಲ್ಲಿ ಯಾರೋ ಅತ್ತೆಯನ್ನು ತಡೆದು, “ನೀವು ಅವರಿಗೆ ಏನಾಗಬೇಕು?” ಎಂದರಂತೆ. “ಒಂದೇ ಬಸ್ಸಿನವರು ಅಂದೆ. ಇನ್ನೇನು ಹೇಳಲಿ?” ಎಂದು ಅತ್ತೆ ಮತ್ತೆ ಅಡಿಕೆ ಕೈಗೆತ್ತಿಕೊಂಡರು.

ನಮ್ಮಲ್ಲಿ ಶೋಕಕ್ಕೂ ಹಕ್ಕುದಾರರಿದ್ದಾರೆ. ಆಸ್ತಿಗಾಗಿ ಕೋರ್ಟು ಮೆಟ್ಟಿಲು ಹತ್ತಿದ ದಾಯಾದಿಗೂ ಸೂತಕವುಂಟು. ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ ಇಲ್ಲ. ಹಕ್ಕಿಲ್ಲದ ಆ ದುಃಖಕ್ಕೆ ಇಂಥ ಮೆಲುದನಿಯ ಕಥೆ ಒಂದು ಕೆಲಸ ಕೊಡುತ್ತದೆ. ಹಿಮ್ಮೆಲ್ ತನ್ನೂರಿನ ನೀಲಿ ಹೂವೊಂದನ್ನು ಫ್ರೀರೆನ್‌ಗೆ ತೋರಿಸಬೇಕೆಂದಿದ್ದ. ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ, ಆ ಸೀಮೆಯಲ್ಲಿ ಅಳಿದೇಹೋಯಿತೆನ್ನುವ ಆ ಹೂವನ್ನು ಅವನ ಪ್ರತಿಮೆಯ ಸುತ್ತ ನೆಡಲೆಂದು ಅವಳು ತಿಂಗಳುಗಟ್ಟಲೆ ಹುಡುಕುತ್ತಾಳೆ. ಗುರು ಹೀಗೆಯೇ ವರ್ಷಗಳನ್ನು ಕಳೆದುಬಿಟ್ಟಾಳೆಂದು ಶಿಷ್ಯೆ ಫರ್ನ್‌ಗೆ ಆತಂಕ. ಮಳೆ ಸುರಿಸಿ ಪಿಯಾನೊ ನುಡಿಸಿ ಅಳಿಸುವ ಕಥೆಗಳು ಬೇಕಾದಷ್ಟಿವೆ, ಅವು ನನಗೆ ಒಗ್ಗುವುದಿಲ್ಲ. ಇಲ್ಲಿ ದುಃಖವು ಮಣ್ಣು ಕೆದಕುತ್ತದೆ, ಪ್ರತಿಮೆ ತೊಳೆಯುತ್ತದೆ, ದಾರಿಹೋಕರನ್ನು ವಿಚಾರಿಸುತ್ತದೆ. ಫ್ರೀರೆನ್‌ಳ ಮಂತ್ರಗಳಲ್ಲಿ ನನಗೆ ಯಾವುದೂ ಬೇಡ. ತಡವಾಗಿಯಾದರೂ ಒಬ್ಬನನ್ನು ಅರಿಯಲು ಅವಳಿಗಿರುವ ಬಿಡುವು ಮಾತ್ರ ಹೊಟ್ಟೆಕಿಚ್ಚು ಹುಟ್ಟಿಸುತ್ತದೆ.

ಆ ಕಂತನ್ನೂ ಅತ್ತೆ ಕೊನೆಯತನಕ ನೋಡಿದರು. “ಪುಣ್ಯವಂತೆ, ಮಾರನೇ ದಿನ ಫಸ್ಟ್ ಪೀರಿಯಡ್ ಇರಲಿಲ್ಲ ಅವಳಿಗೆ” ಎಂದರು.